ಅಜ್ಜಿ ಕೂರುತ್ತಿದ್ದ ಜಾಗ

ಮಾರ್ಚ್ ೧೨, ಬುಧವಾರ

ಕಡಲಿಗೆ ತಡೆಗೋಡೆ ಕಟ್ಟುತ್ತೇವೆ ಎಂದಿದ್ದರು ಸರ್ಕಾರದವರು, ಕಟ್ಟಲಿಲ್ಲ. ಬಾವಿಗೆ ಉಪ್ಪುನೀರು ನುಗ್ಗಿದಾಗ ಸಿಹಿನೀರಿನ ಟ್ಯಾಂಕು ಕೊಡುತ್ತೇವೆ ಎಂದಿದ್ದರು, ಕೊಡಲಿಲ್ಲ. ಇವತ್ತು ರಾಜಧಾನಿ ತರಾವಾದಿಂದ ನಮ್ಮ ಸಭಾಮನೆಗೆ ಬಂದ ಕಬುರೆ ಎಂಬ ಅಧಿಕಾರಿ, ಊರನ್ನೇ ಬಿಡಿ ಎಂದ. ಹೊಸ ಊರಲ್ಲಿ ಸಿಮೆಂಟಿನ ಸಭಾಮನೆಯಂತೆ, ಸಾಲಾಗಿ ಕುರ್ಚಿಗಳಂತೆ.

"ಅಲ್ಲಿ ನಮ್ಮ ಮನೆತನದ ಜಾಗ ಯಾವ್ದಪ್ಪಾ?" ಎಂದು ಊರಿನ ಹಿರಿಯ ಇಯೋತೆಬಾ ಅಜ್ಜ ಕೇಳಿದರು.

"ಖಾಲಿ ಇದ್ದ ಕಡೆ ಕೂತ್ಕೊಳ್ಳಿ, ಅಜ್ಜ."

"ಅದೇನು ಸಭಾಮನೇನೋ, ಬಸ್ಸೋ?"

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ನಾನು ಮಾತು ಕಲಿತದ್ದೇ ನಮ್ಮ ಸಭಾಮನೆಯ ಮೂಡಣ ಕಂಬದ ಬುಡದಲ್ಲಿ, ನಮ್ಮ ಮನೆತನದ ಜಾಗದಲ್ಲಿ, ಅವ್ವನ ಬೆನ್ನ ಹಿಂದೆ ಕೂತು. ಅವಳು ಒರಗಿ ಒರಗಿ ನುಣುಪಾದ ಆ ಕಂಬಕ್ಕೆ ಇವತ್ತಿಗೂ ಅವಳ ಕೊಬ್ಬರಿ ಎಣ್ಣೆಯ ವಾಸನೆ. ಅವಳು ಸತ್ತ ಮೇಲೆ ಮುಂದಕ್ಕೆ ಸರಿದು ಕೂತೆ. ಅಂದಿನಿಂದ ಸಭೆಯಲ್ಲಿ ನಮ್ಮ ಮನೆತನದ ಮಾತು ನನ್ನದು. ಜಾಗವಿಲ್ಲದವರಿಗೆ ನಮ್ಮಲ್ಲಿ ಮಾತಿಲ್ಲ. ಕುರ್ಚಿ ಕೊಟ್ಟು ಬಾಯಿ ಕಿತ್ತುಕೊಳ್ಳುವ ಲೆಕ್ಕ ಇದು.

ಆಮೇಲೆ ಅಜ್ಜ ಎದ್ದು, ಕಬುರೆಯ ಕೈಹಿಡಿದು ಪಡುವಣ ಕಂಬದ ಬಳಿ ಕೂರಿಸಿದರು.

"ನಿಮ್ಮಜ್ಜಿ ಇಲ್ಲೇ ಕೂರ್ತಿದ್ಲು, ಮಗಾ. ಅವಳು ತರಾವಾಕ್ಕೆ ಹೋದಮೇಲೆ ಈ ಜಾಗದಲ್ಲಿ ಯಾರೂ ಕೂತಿಲ್ಲ. ಈಗ ಹೇಳು, ಊರು ಬಿಡಿ ಅಂತ."

ಅವನು ಚಾಪೆಯ ಅಂಚು ಸವರುತ್ತಾ ಕೂತ. ಆಮೇಲೆ ಎದ್ದ. ಶನಿವಾರದ ಸಭೆಗೆ ಮತ್ತೆ ಬರುತ್ತೇನೆ ಎಂದ.

ಬರಲಿ. ಕುರ್ಚಿ ತರುವುದು ಬೇಡ. ಶನಿವಾರ ಸಂಜೆ ನಾಲ್ಕಕ್ಕೆ, ಇದೇ ಕೇದಗೆ ಗರಿಯ ಸೂರಿನಡಿ, ಅವನ ಅಜ್ಜಿಯ ಜಾಗದಲ್ಲಿ ಕೂತು ಮಾತಾಡಲಿ.