ಅಂಗೈಗೆ ಕೇಳಿಸುವ ಇಂಜಿನ್

ಅಪ್ಪಾಜಿ, ನಿಮಗೆ ಫೋನು ಕೇಳಿಸುವುದಿಲ್ಲ, ಅದಕ್ಕೇ ಬೆಂಗಳೂರಿನಿಂದ ಈ ಕಾರ್ಡು. ಇಲ್ಲಿನ ಮ್ಯೂಸಿಯಂನಲ್ಲಿ ಉಗಿಯಂತ್ರದಿಂದ ಕರೆಂಟ್ ಮೋಟಾರಿನವರೆಗೆ ಇನ್ನೂರೈವತ್ತು ವರ್ಷ ಸಾಲಾಗಿ ನಿಂತಿದೆ. ನಡುವೆ, ಚುಂಚನಕಟ್ಟೆ ರೈಸ್ ಮಿಲ್ಲಿನಲ್ಲಿ ನಿಮ್ಮ ಕಿವಿ ತಿಂದಿತಲ್ಲ, ಅಂಥದೇ ಆಯಿಲ್ ಇಂಜಿನ್. ಓಡಿಸಿ ತೋರಿಸುತ್ತಾರೆ, ಆದರೆ ಅರ್ಧ ಗಂಟೆಗೇ ತಾನಾಗಿ ಕೆಟ್ಟು ನಿಂತುಬಿಡುತ್ತದೆ. ಮುಟ್ಟಲು ಹೋದೆ, ಮೆಕ್ಯಾನಿಕ್ ಗದರಿದರು.

“ಕೈ ಇಟ್ರೇ ನಮ್ಮಪ್ಪಂಗೆ ಇಂಜಿನ್ ಕಾಯಿಲೆ ಗೊತ್ತಾಗ್ತಿತ್ತು ಕಣ್ರೀ” ಅಂದೆ.

ಮೆಕ್ಯಾನಿಕ್ ನಮ್ಮ ಕಡೆಯವರೇ, ಪಿರಿಯಾಪಟ್ಟಣದವರು. “ಅಂಗಾದ್ರೆ ಅವ್ರನ್ನೇ ಕೇಳ್ಬುಡಿ ಕಣಮ್ಮ, ನಂಗಂತೂ ರಿಪೇರಿ ಮಾಡಿ ಮಾಡಿ ಸಾಕಾಗೋಗದೆ” ಎಂದು ಕೈ ಇಡಲು ಬಿಟ್ಟರು.

ಕಿವಿಗೆ ಬಿಸಿ ಎಣ್ಣೆ ಬಿಟ್ಟುಕೊಳ್ಳಬೇಡಿ, ಡಾಕ್ಟರು ಬೇಡ ಅಂದಿದ್ದಾರೆ. ಇಂಜಿನ್ ನಿಲ್ಲುವ ಮುಂಚಿನ ಬಡಿತವನ್ನು ಬಾಯಿಪಾಠ ಮಾಡಿಕೊಂಡಿದ್ದೇನೆ. ಸೋಮವಾರ ಬಂದು ನಿಮ್ಮ ಅಂಗೈ ಮೇಲೆ ತಟ್ಟುತ್ತೇನೆ. ಇಂಜಿನ್ನಿಗೆ ಏನಾಗಿದೆ ಅಂತ ನೀವೇ ಹೇಳಬೇಕು. ಮೆಕ್ಯಾನಿಕ್ ಕಾಯುತ್ತಿದ್ದಾರೆ.

ಪ್ರಮೀಳಾ