ಮಾವನ ದುರ್ಬೀನು, ಅಂಗಡಿಯ ದುರ್ಬೀನು

ಮಾರ್ಚ್ 4, ಬೆಳಗ್ಗೆ

ಇಂದಿನಿಂದ ಈ ಮನೆಯ ತಾರಸಿಯನ್ನು ಸೇನಾ ವಲಯವೆಂದು ಘೋಷಿಸಲಾಗಿದೆ. ಪಾರಿವಾಳಗಳು, ಬಟ್ಟೆ ಒಣಹಾಕುವವರು ಹಾಗೂ ಧರ್ಮಪತ್ನಿ ಅನುಮತಿ ಪಡೆದೇ ಪ್ರವೇಶಿಸತಕ್ಕದ್ದು.

ಧರ್ಮಪತ್ನಿ ಘೋಷಣೆಯನ್ನು ಪೂರ್ತಿ ಕೇಳಿಸಿಕೊಂಡು, ಕೆಂಪು ಬೆಡ್‌ಶೀಟನ್ನು ನನ್ನ ಮುಖಕ್ಕೆ ಹನಿ ಹಾರುವ ಹಾಗೆ ಕೊಡವಿ, ತಂತಿಗೆ ಹಾಕಿ ಇಳಿದುಹೋದಳು.

ಕಾರಣ ಇಷ್ಟೆ. ವಾರಪತ್ರಿಕೆಯ ಸಂಪಾದಕರು ಒಂದು ಬೈನಾಕ್ಯುಲರ್ ಕಳಿಸಿದ್ದಾರೆ. ಡಬ್ಬದ ಮೇಲೆ ‘ಮಿಲಿಟರಿ ಮಾದರಿ’ ಎಂದಿದೆ. ಹಸಿರು ರಬ್ಬರಿನ ಮೈ, ಮಾಣಿಕ್ಯದಂತೆ ಹೊಳೆಯುವ ಕೆಂಪು ಲೇಪದ ಗಾಜು. ಅಸಲಿ ಮಿಲಿಟರಿ ದುರ್ಬೀನಿನ ಪಕ್ಕ ಇಟ್ಟು ಹೋಲಿಸಿ, ಓದುಗರು ನಗುವ ಹಾಗೆ ಬರೆಯಬೇಕಂತೆ.

ಅಸಲಿ ಮನೆಯಲ್ಲೇ ಇದೆ. ಮಾವನ ಕೊರಳಲ್ಲಿ. ಫಿರಂಗಿ ದಳದಿಂದ ನಿವೃತ್ತರಾದಾಗ ಬಿದ್ದ ಹಾರ, ಸ್ನಾನಕ್ಕೆ ಮಾತ್ರ ಇಳಿಯುತ್ತದೆ. ಹಿತ್ತಾಳೆ, ಚರ್ಮ, ಇಟ್ಟಿಗೆಯ ತೂಕ.

ಮಾವ ಹೊಸದನ್ನು ಸತ್ತ ಇಲಿಯ ಬಾಲ ಹಿಡಿದಂತೆ ಎರಡು ಬೆರಳಲ್ಲಿ ಎತ್ತಿದರು. “ಆಟದ ಸಾಮಾನು. ಇದರಲ್ಲಿ ಗುರಿ ನೋಡಿದ್ರೆ ಗುಂಡು ನಮ್ಮವರ ಮೇಲೇ ಬೀಳುತ್ತೆ, ಅಳಿಯಂದಿರೇ.”

ಕಣ್ಣಿಗೂ ಹಾಕಿಕೊಳ್ಳಲಿಲ್ಲ.

ಮಾರ್ಚ್ 5, ಮಧ್ಯಾಹ್ನ

ಪರೀಕ್ಷೆ ಶುರು. ಎದುರಿನ ಬಸ್ ಡಿಪೋ ಗೋಡೆಯ ಮೇಲೆ ‘ಇಲ್ಲಿ ಉಗುಳಬಾರದು’ ಎಂದು ಬರೆದಿದೆ. ಮಾವನದರಲ್ಲಿ ಆ ತುದಿಯಿಂದ ಈ ತುದಿಯವರೆಗೆ ಚೊಕ್ಕ. ಬರೆದವನ ಕುಂಚದ ಕೂದಲು ಅಂಟಿಕೊಂಡದ್ದೂ ಕಾಣುತ್ತದೆ. ಅಂಗಡಿಯದರಲ್ಲಿ ನಡುವಿನ ‘ಉಗುಳ’ ಮಾತ್ರ ಸ್ಪಷ್ಟ, ಎರಡೂ ಪಕ್ಕ ನೀರಲ್ಲಿ ನೆನೆದ ಹಾಗೆ. ಅಂದರೆ ಅಂಗಡಿಯದು ಉಗುಳಲು ಪ್ರೋತ್ಸಾಹಿಸುತ್ತದೆ. ಇದನ್ನು ಲೇಖನಕ್ಕೆ ಹಾಕಬೇಕು.

ಕರೆಂಟ್ ತಂತಿಗೆ ನೇರಳೆ ಅಂಚು. ಒಟ್ಟಾರೆ ಲೋಕಕ್ಕೆಲ್ಲ ಹಸಿರು ಛಾಯೆ, ಪಾಚಿ ಬಾವಿಯಿಂದ ಎದ್ದು ಬಂದ ಹಾಗೆ.

ಡಿಪೋದಲ್ಲಿ ಮುಷ್ಕರ. ಡ್ರೈವರುಗಳು ಗೇಟಿಗೆ ಅಡ್ಡ ಕೂತಿದ್ದಾರೆ. ಬಸ್ ಓಡಿಸಲು ಕಂಟ್ರಾಕ್ಟರ್ ತಂದ ಜನ ಒಳಗೆ, ಎಲ್ಲರಿಗೂ ಕೆಂಪು ಟೀ ಶರ್ಟ್. ಬಸ್ ಓಡಿಸುವವರಿಗೆ ಕಬ್ಬಿಣದ ಸರಳು ಏಕೆ ಎಂದು ಕೇಳಿದ್ದಕ್ಕೆ, ಗೇರ್ ಬಿಗಿಯಾಗಿರಬೇಕು ಎಂದಳು ಹೆಂಡತಿ.

ನಮ್ಮ ನೀರಿನ ಮೋಟರ್ ರಿಪೇರಿ ಆಯಿತು. ಪಂಪಿನವನು ಎಂದಿನ ಕಪ್ಪು ಅಂಗಿಯಲ್ಲಿ ಬಂದಿದ್ದ; ಗ್ರೀಸ್ ಕಾಣಬಾರದಲ್ಲ. ಹೋಗುವಾಗ ಬುದ್ಧಿ ಹೇಳಿದ: “ಟ್ಯಾಂಕ್ ತುಂಬಿದ ತಕ್ಷಣ ಆಫ್ ಮಾಡಿ ಸಾರ್. ನೀವು ಬರೀತಾ ಕೂತ್ರೆ ಮನೆ ತೇಲಿಹೋದ್ರೂ ಗೊತ್ತಾಗಲ್ಲ.” ಇಲ್ಲಿಂದ ಡಿಪೋ ಪಂಪ್ ನೋಡಲು ಹೋಗುತ್ತಾನಂತೆ.

ಅದೇ ದಿನ, ಕತ್ತಲಾದ ಮೇಲೆ

ಆದದ್ದನ್ನು ಆದ ಹಾಗೆ ಬರೆದಿಡುತ್ತೇನೆ.

ಮುಸ್ಸಂಜೆಯ ಬೆಳಕಿನ ಪರೀಕ್ಷೆ. ಮಾವನನ್ನು ಬೇಕೆಂದೇ ಕೆಣಕಿದೆ — ನೋಡದೆ ಬೈಯುವುದು ಸಿಪಾಯಿಯ ಲಕ್ಷಣವಲ್ಲ ಅಂತ. ಅವರು ತಮ್ಮದನ್ನು ಕೊರಳಿಂದ ತೆಗೆದು ನನ್ನ ಮಡಿಲಿಗೆ ಹಾಕಿ, ಅಂಗಡಿಯದನ್ನು ಕಣ್ಣಿಗೇರಿಸಿದರು. ನಾನು ತಲೆ ತಗ್ಗಿಸಿ ಏನೋ ಗೀಚುತ್ತಿದ್ದೆ.

ಡಿಪೋದಿಂದ ಕೂಗು. ಆಮೇಲೆ ಒಂದು ಸದ್ದು, ತೆಂಗಿನಕಾಯಿ ಕಲ್ಲಿಗೆ ಬಿದ್ದ ಹಾಗೆ.

ಮಾವ ತಾರಸಿಯ ಅಂಚಿನ ಗೋಡೆಗೆ ಹಾರಿ ಪೆರೇಡಿನ ಗಂಟಲಲ್ಲಿ ಕೂಗಿದರು: “ಕಪ್ಪು ಅಂಗಿ! ಕಪ್ಪು ಅಂಗಿಯವನು ಹೊಡೆದ, ಹಿಡೀರಿ!”

ನಾನು ಮಾವನದನ್ನು ಎತ್ತುವಷ್ಟರಲ್ಲಿ ನೆಲಕ್ಕೆ ಬಿದ್ದ ಡ್ರೈವರ್ ಮಾತ್ರ ಕಂಡ. ತಲೆಯ ಒಂದು ಬದಿ ಇರಲಿಲ್ಲ. ರಕ್ತ ಅಚ್ಚ ಕೆಂಪು. ಮಾವನ ಕೈಯಿಂದ ಅಂಗಡಿಯದನ್ನು ತೆಗೆದುಕೊಂಡು ನೋಡಿದೆ. ಏಕೆ ನೋಡಿದೆನೋ. ಅದೇ ರಕ್ತ, ಎಂಜಿನ್ ಆಯಿಲ್ ಚೆಲ್ಲಿದ ಹಾಗೆ. ಬಣ್ಣದಲ್ಲಿ ಮಾವನದೇ ಮೇಲು ಎಂದು ಗುರುತು ಹಾಕಿಕೊಂಡೆ. ಹಾಗೇ ಬರೆದೆ ಕೂಡ, ಹೌದು.

ಅಷ್ಟರಲ್ಲಿ ಪಂಪ್ ರೂಮಿನಿಂದ ಒಬ್ಬ ಹೊರಗೆ ಬಂದ. ಕಪ್ಪು ಅಂಗಿ, ಕೈಯಲ್ಲಿ ದೊಡ್ಡ ಸ್ಪ್ಯಾನರ್. ಗೇಟಿನಲ್ಲಿದ್ದವರೆಲ್ಲ ಅವನ ಮೇಲೆ ಬಿದ್ದರು. ಒದ್ದರು. ಹಲ್ಲು ಉದುರಿದ್ದು ಇಲ್ಲಿಗೆ ಕಂಡಿತು. ಯಾವನೋ ಅವನ ಬಲಗೈಯನ್ನು ಮೆಟ್ಟಿಲ ಮೇಲೆ ಚಾಚಿಸಿ ಹಿಡಿದ, ಇನ್ನೊಬ್ಬ ಕಲ್ಲು ಎತ್ತಿದ. ಒಂದು ಸಲ ಅಲ್ಲ.

ಮಾವನ ದುರ್ಬೀನು ಅಷ್ಟು ಚೆನ್ನಾಗಿರಬಾರದಿತ್ತು.

ಮಾರ್ಚ್ 6

ಡ್ರೈವರ್ ಸತ್ತ. ಕೊಲೆ ಕೇಸು. ಪಂಪಿನವನು ಆಸ್ಪತ್ರೆಯಲ್ಲಿ, ಮಂಚಕ್ಕೆ ಬೇಡಿ, ಬಾಗಿಲಲ್ಲಿ ಪೊಲೀಸ್. ಮಾವ ಸಾಕ್ಷಿ ಬರೆಸಿ ಬಂದರು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು. ಊಟ ಎಂದಿನಂತೆ ಮಾಡಿದರು.

ಪಂಪಿನವನ ಹೆಂಡತಿ ಕೆಳಗೆ ಬಂದಿದ್ದಳು. ನನ್ನವಳು ಬಹಳ ಹೊತ್ತು ಅವಳ ಜೊತೆ ಮೆಟ್ಟಿಲಲ್ಲಿ ಕೂತಿದ್ದಳು. ನಾನು ಇಳಿಯಲಿಲ್ಲ.

ಮಾರ್ಚ್ 9, ಸಂಜೆ

ಮೂರು ದಿನ ಪೆನ್ನು ಮುಟ್ಟಿರಲಿಲ್ಲ. ಲೇಖನ ಎಲ್ಲಿ ಎಂದು ಸಂಪಾದಕರ ಫೋನು. ಮುಗಿಸಿಬಿಡೋಣ ಎಂದು ತಾರಸಿಗೆ ಹೋದರೆ ಹೆಂಡತಿ ಅಂಗಡಿಯದನ್ನು ಹಿಡಿದು ಆಡುತ್ತಿದ್ದಳು. ತಂತಿಯ ಕಡೆ ತಿರುಗಿದಳು.

“ರೀ, ನನ್ನ ಕೆಂಪು ಬೆಡ್‌ಶೀಟ್ ಎಲ್ಲಿ? ಇದ್ಯಾವುದೋ ಕಪ್ಪಗಿರೋದು ಒಣಗ್ತಿದೆ.”

ತಂತಿಯ ಮೇಲೆ ಇದ್ದದ್ದು ಅದೇ ಬೆಡ್‌ಶೀಟ್.

ಅವಳ ಕೈಯಿಂದ ಕಿತ್ತುಕೊಂಡು ನಾನೂ ನೋಡಿದೆ, ಕಪ್ಪೇ. ಮುಸ್ಸಂಜೆಗೆ ಎಲ್ಲಕ್ಕಿಂತ ಮೊದಲು ಕಪ್ಪಾಗುವುದು ಕೆಂಪು. ಉಳಿದ ಚೂರುಪಾರು ಕೆಂಪನ್ನು ಆ ಮಾಣಿಕ್ಯದ ಗಾಜು ಒಳಗೆ ಬಿಡದೆ ಹಿಂದಕ್ಕೆ ಎರಚುತ್ತದೆ. ಮಾವ ಕಂಡ ಕಪ್ಪು ಅಂಗಿ ಕೆಂಪು ಟೀ ಶರ್ಟು. ಹೊಡೆದವನು ಕಂಟ್ರಾಕ್ಟರನ ಆಳು. ರಕ್ತ ಆಯಿಲಿನಂತೆ ಕಂಡಾಗಲೇ ನನಗೆ ತಿಳಿಯಬೇಕಿತ್ತು. ನಾನು ಮಾರ್ಕು ಹಾಕುತ್ತಿದ್ದೆ.

ಮಾವನಿಗೆ ಹೇಳಿದೆ. ನನ್ನ ಕಣ್ಣು ಎಂದೂ ತಪ್ಪಿಲ್ಲ ಎಂದರು. ನಿಮ್ಮ ಕಣ್ಣಲ್ಲ, ಗಾಜು ಎಂದೆ. ಅದು ಆಟದ ಸಾಮಾನು ಎಂದು ನೀವೇ ಹೇಳಿದ್ದಿರಲ್ಲ ಎಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ; ನಿರಪರಾಧಿಯ ಕೈ ಹೋಯಿತು, ಈಗ ಕುತ್ತಿಗೆಯನ್ನೂ ತೆಗೆಸುತ್ತೀರಾ ಎಂದೆ.

ಮಾವನ ಕೊರಳಿನ ದುರ್ಬೀನು ಪಟ್ಟಿ ಸಮೇತ ಬೀಸಿ ಬಂತು. ಹುಬ್ಬಿನ ಮೇಲೆ ಬಿತ್ತು. ಹಿತ್ತಾಳೆಯ ಗುಣಮಟ್ಟದ ಬಗ್ಗೆ ಇನ್ನು ಅನುಮಾನವಿಲ್ಲ. ನಾನು ಬಿದ್ದೆ, ಅದೂ ಬಿತ್ತು. ಕಣ್ಣಿಗೆಲ್ಲ ರಕ್ತ.

ಹೆಂಡತಿ ಬೆಡ್‌ಶೀಟನ್ನು ತಂತಿಯಿಂದ ಎಳೆದು ನನ್ನ ಹಣೆಗೆ ಒತ್ತಿದಳು. ಅಂಗಡಿಯದನ್ನು ಅಪ್ಪನ ಕೈಗಿಟ್ಟಳು. “ಆ ಮೂಲೆಗೆ ಹೋಗಿ ನಿಂತ್ಕೊಂಡು ಇವರ ಮುಖ ನೋಡಪ್ಪ. ಇವರಿಗೆ ರಕ್ತ ಬರ್ತಿದೆಯಾ, ಮಸಿ ಬರ್ತಿದೆಯಾ ಹೇಳು.”

ಮಾವ ಹೋದರು. ನೋಡಿದರು. ಇಳಿಸಿದರು, ಮತ್ತೆ ನೋಡಿದರು.

“ಮಸಿ,” ಎಂದರು.

ಆಮೇಲೆ ಬೀದಿಗಿಳಿದು ಮೂಲೆಯ ಅಂಗಡಿಯ ಮುಂದೆ ನಿಂತು, ಅದೇ ಪೆರೇಡಿನ ಗಂಟಲಲ್ಲಿ ತಮ್ಮ ತಪ್ಪನ್ನು ಸಾರಿದರು. ಹೊಡೆದವನದು ಕೆಂಪು ಅಂಗಿ, ನಾಳೆ ಠಾಣೆಯಲ್ಲೂ ಇದನ್ನೇ ಹೇಳುತ್ತೇನೆ ಅಂತ. ಡಿಪೋಗೆ ಕೇಳುವಷ್ಟು ಜೋರಾಗಿ.

ಮಾರ್ಚ್ 10, ಬೆಳಗ್ಗೆ

ಹುಬ್ಬಿಗೆ ಹೊಲಿಗೆ. ಒಂದು ಕಣ್ಣು ಊದಿದೆ. ಮಾವ ಮತ್ತು ಹೆಂಡತಿ ಅಂಗಡಿಯ ದುರ್ಬೀನನ್ನು ಟವೆಲಿನಲ್ಲಿ ಸುತ್ತಿಕೊಂಡು ಠಾಣೆಗೆ ಹೋದರು. ನನ್ನ ಹೊಲಿಗೆಗೆ ಬಿಸಿಲು ಆಗುವುದಿಲ್ಲವಂತೆ, ನನ್ನನ್ನು ಮನೆಯಲ್ಲೇ ಬಿಟ್ಟರು. ಮೋಟರ್ ಹಾಕಿದ್ದಾಳೆ, ಟ್ಯಾಂಕ್ ತುಂಬಿದ ಕೂಡಲೇ ಆರಿಸಬೇಕಂತೆ.

ತಾರಸಿಯಲ್ಲಿ ನೆರಳಲ್ಲಿ ಕೂತು ಲೇಖನ ಬರೆಯುತ್ತಿದ್ದೇನೆ. ಮಾವನ ದುರ್ಬೀನು ನನ್ನ ಹತ್ತಿರವೇ ಇದೆ. ನನ್ನ ತಲೆಗೆ ತಗುಲಿ ಅದರ ಎರಡು ನಳಿಗೆಗಳ ಹೊಂದಾಣಿಕೆ ತಪ್ಪಿದೆ, ಎಲ್ಲ ಎರಡೆರಡಾಗಿ ಕಾಣುತ್ತದೆ. ಡಿಪೋ ಗೋಡೆಯ ಮೇಲೆ ಈಗ ಎರಡು ಸಲ ಉಗುಳಬಾರದು.

ಸ್ವಲ್ಪ ಹೊತ್ತಿನ ಮೇಲೆ

ಹೆಂಡತಿಯ ಫೋನು. ಇನ್‌ಸ್ಪೆಕ್ಟರ್ ಮೊದಲು ನಕ್ಕರಂತೆ. ಲಾಕಪ್ ಓಣಿಯ ಕತ್ತಲಲ್ಲಿ ತೂಗುಹಾಕಿದ, ಬೆಂಕಿ ಆರಿಸುವ ಮರಳಿನ ಬಕೆಟನ್ನು ಇದರಲ್ಲಿ ನೋಡಿ ಅಂದಳಂತೆ ಇವಳು. ನೋಡಿದರು. ಕೆಂಪು ಬಕೆಟ್ಟು ಕಪ್ಪು. ಆಮೇಲೆ ನಗಲಿಲ್ಲ. ಪಂಪಿನವನ ಬೇಡಿ ಬಿಚ್ಚಲು ಆಸ್ಪತ್ರೆಗೆ ಹೇಳಿ ಕಳಿಸಿದ್ದಾರೆ.

ಕೈ ಮಾತ್ರ ಬರುವುದಿಲ್ಲವಂತೆ.

ಲೇಖನದ ತೀರ್ಪು: ಮಾವನದೇ ಉತ್ತಮ. ಈಗಲೂ. ಡಿಪೋ ಗೇಟು ತೆರೆದು ಕೆಂಪು ಟೀ ಶರ್ಟುಗಳು ನಮ್ಮ ಬೀದಿಗೆ ತಿರುಗಿದ್ದು ಎಷ್ಟು ಸ್ಪಷ್ಟ. ಹನ್ನೆರಡು ಜನ. ಊದಿದ ಕಣ್ಣನ್ನು ಮುಚ್ಚಿ ನೋಡಿದೆ — ಆರೇ. ಸಮಾಧಾನ. ಸರಳಿನ ಮೇಲಿನ ತುಕ್ಕಿನ ಬಣ್ಣ ಕೂಡ ತಪ್ಪಿಲ್ಲ.

ಠಾಣೆಗೆ ಫೋನ್ ಮಾಡಿದೆ. ಹೊರಟಿದ್ದೇವೆ ಎಂದರು. ಮಾವ ಅಲ್ಲೇ ಇರಲಿ ಎಂದೆ. ತಾರಸಿ ಬಾಗಿಲ ಚಿಲಕ ಹಾಕಿ ಟ್ರಂಕು ಅಡ್ಡ ಇಟ್ಟೆ.

ಕೆಳಗೆ ಮುಂಬಾಗಿಲು ಮುರಿಯಿತು. ಮೆಟ್ಟಿಲಲ್ಲಿ ಬೂಟು. ಟ್ಯಾಂಕ್ ತುಂಬಿ ನೀರು ನನ್ನ ಕಾಲಿನವರೆಗೆ ಬಂದಿದೆ. ಮೋಟರ್ ಸುಟ್ಟರೆ ಸರಿಮಾಡಲು ಪಂಪಿನವನಿಗೆ ಕೈ ಇಲ್ಲ. ಇದನ್ನು ಯಾರಾದರೂ ಓದುತ್ತಿದ್ದರೆ ಒಂದು ಸಣ್ಣ ಉಪಕಾರ — ಸ್ವಿಚ್ ಕೆಳಗೆ, ಮೆಟ್ಟಿಲ ಪಕ್ಕ, ಎಡಗಡೆಯದು, ದಯವಿಟ್ಟು ಅದನ್ನೊಂದು ಆ