ಸದ್ದು ಇಳಿಸುವವರು ಯಾರು?

ಮನೆಯ ತಾರಸಿ,
೧೪ನೇ ತಾರೀಖು, ಭಾನುವಾರ ಬೆಳಗ್ಗೆ

ಪ್ರೀತಿಯ ಪುಟ್ಟಿ,

ನಿನ್ನ ಕೆಮ್ಮು ಹೇಗಿದೆ? ಸೇತುವೆ ಕೆಲಸದ ಜಾಗದಲ್ಲಿ ಸಿಮೆಂಟಿನ ಧೂಳು ಕುಡಿದು ಗಂಟಲು ಕೆಟ್ಟಿದೆ ಅಂದಿದ್ದೆ. ಬಾಯಿಗೆ ಬಟ್ಟೆ ಕಟ್ಟಿಕೋ ಎಂದರೆ ನಗುತ್ತೀಯ. ಎಂಜಿನಿಯರಮ್ಮ ಮುಖ ಮುಚ್ಚಿಕೊಂಡರೆ ಕೆಲಸದವರು ಹೆದರುವುದಿಲ್ಲ ಅಂತಲೋ ಏನೋ. ನಾನು ಚೆನ್ನಾಗಿದ್ದೇನೆ. ಮೆಟ್ಟಿಲು ಹತ್ತುವಾಗ ಮಂಡಿ ಬೈಯುತ್ತದೆ, ಅಷ್ಟೇ. ಬೈಸಿಕೊಂಡೇ ಇಲ್ಲಿಗೆ ಹತ್ತಿ ಬಂದು, ನೀರಿನ ಟ್ಯಾಂಕಿನ ನೆರಳಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಬರೆಯುತ್ತಿದ್ದೇನೆ. ಫೋನು ಇರುವಾಗ ಕಾಗದ ಏಕೆ ಎನ್ನುತ್ತೀಯ. ನಾನು ಫೋನಿನಲ್ಲಿ ಮಾತಾಡಿದರೆ ಮೂರು ಮನೆಗೆ ಕೇಳಿಸುತ್ತದೆ ಎಂದು ನೀನೇ ಆಡಿಕೊಳ್ಳುತ್ತೀಯಲ್ಲ. ಮೂರು ಮನೆಯವರ ಚಿಂತೆ ನನಗಿಲ್ಲ. ನೀನು ಕಳಿಸಿದ ಆ ಡಬ್ಬಿಗೆ ಕೇಳಿಸಬಾರದು.

ನಿನ್ನ ಅಮ್ಮ ಹಾಗೆಯೇ ಇದ್ದಾಳೆ. ಲಕ್ವ ಹೊಡೆದ ದಿನದಿಂದ ಮಾತಿಲ್ಲ, ಬಲಗೈ ಏಳುವುದಿಲ್ಲ. ಕರೆದರೆ ಕಣ್ಣು ಈ ಕಡೆ ಬರುತ್ತದೆ, ಬಂದು ನನ್ನ ಪಕ್ಕದ ಗೋಡೆಯ ಮೇಲೆ ನಿಲ್ಲುತ್ತದೆ. ಅವರಿಗೆ ಏನೂ ತಿಳಿಯುವುದಿಲ್ಲ, ಎಲ್ಲಿದ್ದರೂ ಒಂದೇ ಎಂದು ಡಾಕ್ಟರು ಹೇಳಿದ ಮೇಲೆ ನಿನ್ನ ಅಣ್ಣ ಆ ಆರೈಕೆ ಕೇಂದ್ರದಲ್ಲಿ ಜಾಗ ಹಿಡಿದಿಟ್ಟಿದ್ದಾನೆ. ತಿಂಗಳ ಕೊನೆಗೆ ನೀನು ಬಂದ ಮೇಲೆ ಸೇರಿಸುವುದು ಎಂದು ಮಾತಾಗಿದೆ. ನೀನೂ ಹೂಂ ಅಂದೆ, ನಾನೂ ಹೂಂ ಅಂದೆ. ಸೊಸೆಯ ಸೊಂಟ ಬಿದ್ದುಹೋಗುತ್ತಿದೆ, ನನ್ನ ಕೈಲಿ ಎತ್ತಲಾಗುವುದಿಲ್ಲ, ಇನ್ನೇನು ಹೇಳಲಿ? ಆದರೆ ಹೂಂ ಅಂದ ದಿನದಿಂದ ರಾತ್ರಿ ಎದ್ದೆದ್ದು ಹೋಗಿ ಅವಳ ಹೊದಿಕೆ ಸರಿಮಾಡಿ ಬರುತ್ತೇನೆ, ಪುಟ್ಟಿ. ಇದನ್ನು ನಿನ್ನ ಅಣ್ಣನಿಗೆ ಹೇಳಬೇಡ.

ಈಗ ಡಬ್ಬಿಯ ವಿಷಯ. ಅಮ್ಮ ಸುಮ್ಮನೆ ಗೋಡೆ ನೋಡಿಕೊಂಡು ಮಲಗುವ ಬದಲು ನಡುಮನೆಯ ಟಿವಿಯಲ್ಲಿ ಬರುವುದನ್ನೇ ನೋಡಲಿ ಎಂದು ನೀನು ಒಳ್ಳೆಯ ಮನಸ್ಸಿನಿಂದಲೇ ಕಳಿಸಿದ್ದೀಯ. ಅದರ ಬಗ್ಗೆ ನನಗೆ ಅನುಮಾನವಿಲ್ಲ. ಉಳಿದೆಲ್ಲದರ ಬಗ್ಗೆಯೂ ಇದೆ. ವೈರಿಂಗಿನವನು ಬಂದು ಕೂರಿಸಿದ. ಒಂದು ಕಳಿಸುವ ಡಬ್ಬಿ, ಇನ್ನೊಂದು ಹಿಡಿಯುವ ಡಬ್ಬಿ. ಕಳಿಸುವುದನ್ನು ನಡುಮನೆಯ ಸೆಟ್‌ಟಾಪ್ ಬಾಕ್ಸಿಗೆ ಹಳದಿ, ಕೆಂಪು, ಬಿಳಿ ವೈರುಗಳಿಂದ ಜೋಡಿಸಿದ. ಹಳದಿಯಲ್ಲಿ ಚಿತ್ರವಂತೆ, ಉಳಿದೆರಡರಲ್ಲಿ ಶಬ್ದವಂತೆ. ಹಿಡಿಯುವುದನ್ನು ಹಿಂದಿನ ಕೋಣೆಯಲ್ಲಿ ಅಮ್ಮನ ಮಂಚದ ಎದುರಿನ ಸಣ್ಣ ಟಿವಿಗೆ ಸಿಕ್ಕಿಸಿದ. ನಡುವೆ ಇಡೀ ಅಡುಗೆಮನೆ, ಒಂದು ತುಂಡು ವೈರಿಲ್ಲ. ಎರಡು ಡಬ್ಬಿಯ ತಳದಲ್ಲೂ ಒಂದರಿಂದ ನಾಲ್ಕರವರೆಗೆ ಸರಿಸುವ ಗುಂಡಿ ಇದೆ. ಎರಡೂ ಒಂದೇ ಅಂಕಿಯಲ್ಲಿದ್ದರೆ ಮಾತ್ರ ಇದು ಹೇಳಿದ್ದು ಅದಕ್ಕೆ ತಿಳಿಯುತ್ತದೆ. ಮೂರಕ್ಕೆ ಇಟ್ಟಾಗ ಪರದೆಯ ತುಂಬ ಇರುವೆ ಹರಿದಾಟ. ಎರಡಕ್ಕೆ ಸರಿಸಿ, ಚಪ್ಪಟೆ ಆಂಟೆನಾಗಳನ್ನು ಎದುರುಬದುರು ತಿರುಗಿಸಿದ ಮೇಲೆ ಚಿತ್ರ ನಿಂತಿತು.

ಗಾಳಿಯಲ್ಲಿ ಹೋಗುವ ವಸ್ತುವನ್ನು ಹೇಗೆ ನಂಬುವುದು? ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುತ್ತಲೇ ತಲೆ ನರೆಸಿಕೊಂಡವನು ನಾನು. ನಾನು ಬಸ್ಸು ಹತ್ತಿದರೆ ಟಿಕೆಟ್ ಇದ್ದವನು ನನ್ನ ಮುಖ ನೋಡುತ್ತಿದ್ದ, ಇಲ್ಲದವನು ಕಿಟಕಿಯ ಹೊರಗೆ ನೋಡುತ್ತಿದ್ದ. ಈ ವೈರಿಂಗಿನವನು ಇದ್ದಷ್ಟು ಹೊತ್ತೂ ಕಿಟಕಿಯ ಹೊರಗೇ ನೋಡಿದ. ಕೊನೆಗೆ, ಕಳಿಸುವ ಡಬ್ಬಿಯಿಂದ ದಾರದಂಥ ಇನ್ನೊಂದು ವೈರು ಎಳೆದು, ಅದರ ತುದಿಯಲ್ಲಿದ್ದ ಮೆಣಸಿನ ಕಾಳಿನಷ್ಟು ಮಣಿಯನ್ನು ಸೆಟ್‌ಟಾಪ್ ಬಾಕ್ಸಿನ ಮುಖಕ್ಕೆ ಅಂಟಿಸಿದ. ಇದೇನಪ್ಪಾ ಎಂದು ಕೇಳಿದರೆ "ಅದು ವಾಪಸ್ ಬರೋಕೆ ಸರ್, ಇರ್ಲಿ ಬಿಡಿ" ಎಂದು ಚಪ್ಪಲಿ ಮೆಟ್ಟಿಕೊಂಡ. ಚಿತ್ರ ಹೋಗುವುದು ಇಲ್ಲಿಂದ ಅಲ್ಲಿಗೆ. ಅಲ್ಲಿಂದ ಇಲ್ಲಿಗೆ ವಾಪಸ್ ಬರುವಂಥದ್ದು ಏನಿದೆ? ಅವತ್ತಿನಿಂದ ಆ ಮಣಿಯ ಮುಂದೆ ನಾನು ಮನೆಯ ವಿಷಯ ಮಾತಾಡುವುದನ್ನು ಬಿಟ್ಟೆ.

ಮೊದಲು ಶುರುವಾದದ್ದು ಗೆರೆ. ಆಗಾಗ ಅಮ್ಮನ ಟಿವಿಯಲ್ಲಿ ಚಿತ್ರ ಕದಡಿ ಅಡ್ಡಡ್ಡ ಗೆರೆ ಬರುತ್ತಿತ್ತು. ಕಾದು ನೋಡಿ ಹಿಡಿದುಹಾಕಿದೆ: ಅಡುಗೆಮನೆಯ ಮೈಕ್ರೋವೇವ್ ತಿರುಗುವಷ್ಟು ಹೊತ್ತು ಗೆರೆ, ಅದು ನಿಂತರೆ ಇದೂ ನಿಲ್ಲುತ್ತದೆ. ಸೊಸೆಗೆ ಹೇಳಿದರೆ "ಹಾಲು ಬಿಸಿ ಮಾಡೋದೂ ತಪ್ಪಾ ಮಾವ?" ಅಂದಳು. ಆದರೂ ಡಬ್ಬಿಯನ್ನು ಎತ್ತಿ ಮೇಲಿನ ಶೆಲ್ಫಿಗೆ ಅವಳೇ ಇಟ್ಟಳು, ಗೆರೆ ಹೋಯಿತು. ಅವಳ ಮೇಲೆ ನನಗೆ ಇನ್ನೊಂದು ಸಿಟ್ಟೂ ಇದೆ. ಸೆಟ್‌ಟಾಪ್ ಬಾಕ್ಸಿನ ನನ್ನ ಹಳೆಯ ರಿಮೋಟು, ಬೆನ್ನಿನ ಮುಚ್ಚಳ ಕಳೆದು ರಬ್ಬರ್ ಬ್ಯಾಂಡ್ ಸುತ್ತಿಟ್ಟಿದ್ದೆನಲ್ಲ, ಅದನ್ನು ಅಮ್ಮನ ಎಡಗೈಗೆ ಕೊಟ್ಟಿದ್ದಾಳೆ. ಕೈ ಖಾಲಿ ಇದ್ದರೆ ಹೊದಿಕೆ ಕಿತ್ತುಹಾಕುತ್ತಾರೆ, ಏನಾದರೂ ಹಿಡಿದುಕೊಂಡಿರಲಿ ಎಂದಳು. ಇಷ್ಟು ವರ್ಷ ಈ ಮನೆಯನ್ನು ಆಳಿದವಳ ಕೈಗೆ ಮಗುವಿಗೆ ಗಿಲಕಿ ಕೊಟ್ಟ ಹಾಗೆ!

ಇನ್ನು ನಿಜವಾದ ಕಾಟಕ್ಕೆ ಬರುತ್ತೇನೆ. ಮಧ್ಯಾಹ್ನದ ಊಟವಾದ ಮೇಲೆ ನಾನು ವಾರ್ತೆ ಹಾಕಿಕೊಂಡು ಕೂರುತ್ತೇನೆ, ನಾಲ್ಕು ಜನ ಒಟ್ಟಿಗೆ ಕಿರುಚುವ ಚರ್ಚೆ. ಚೆನ್ನಾಗಿದ್ದ ಕಾಲದಲ್ಲಿ ಅಮ್ಮ ಒಳಗಿಂದಲೇ "ಸ್ವಲ್ಪ ಸಣ್ಣಗೆ ಇಡ್ರೀ, ಕಿವಿ ತೂತಾಗ್ತಿದೆ" ಎಂದು ಕೂಗುತ್ತಿದ್ದಳು. ಈಗ ಕೂಗುವವರಿಲ್ಲ ಎಂಬ ಧೈರ್ಯದಲ್ಲಿ ಜೋರಾಗಿಯೇ ಇಡುತ್ತೇನೆ. ರಿಮೋಟು ನನ್ನ ಪಕ್ಕದಲ್ಲಿ ತಣ್ಣಗೆ ಬಿದ್ದಿರುತ್ತದೆ, ಸದ್ದು ತಾನಾಗಿ ಇಳಿಯುತ್ತದೆ! ಪರದೆಯ ಹಸಿರು ಗೆರೆ ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತದೆ. ನಾನು ಏರಿಸಿದರೆ ಅದು ಇಳಿಸುತ್ತದೆ. ಮಂಗಳವಾರ ಚಾನೆಲ್ಲೇ ಬದಲಾಗಿ, ಮಂತ್ರಿಯೊಬ್ಬರು ಬಾಯಿ ತೆರೆದಿದ್ದ ಜಾಗದಲ್ಲಿ ಒಂದು ಮೀನು ಬಾಯಿ ತೆರೆದುಕೊಂಡು ನಿಂತಿತ್ತು.

ಮೊದಲು ಎದುರು ಮನೆಯ ಮೇಷ್ಟ್ರನ್ನು ಅನುಮಾನಿಸಿದೆ. ನನ್ನ ವಾರ್ತೆಯ ಗಲಾಟೆಗೆ ಕಿಟಕಿ ಮುಚ್ಚಿಕೊಳ್ಳುವ ಮನುಷ್ಯ. ಅವರೂ ಇಂಥದೇ ಡಬ್ಬಿ ತಂದು ಗುಂಡಿಯನ್ನು ಎರಡಕ್ಕೇ ಇಟ್ಟಿರಬಹುದಲ್ಲ? ಸಕ್ಕರೆ ಕೇಳುವ ನೆಪದಲ್ಲಿ ಹೋಗಿ ನೋಡಿದೆ. ಅವರ ಟಿವಿ ಕೆಟ್ಟು ಮೂಲೆ ಸೇರಿದೆ, ಅದರ ಮೇಲೆ ಹೂಕುಂಡ ಇಟ್ಟಿದ್ದಾರೆ. ನಮ್ಮ ಡಬ್ಬಿಗಳನ್ನು ನಾಲ್ಕಕ್ಕೆ ಸರಿಸಿದೆ, ಕಾಟ ನಿಲ್ಲಲಿಲ್ಲ. ಕೊನೆಗೆ ಬಾಕ್ಸಿನ ಮುಖದಿಂದ ಆ ಮಣಿಯನ್ನು ಕಿತ್ತೆ. ಇಡೀ ಮಧ್ಯಾಹ್ನ ಶಾಂತಿ! ಮತ್ತೆ ಅಂಟಿಸಿದೆ, ಮತ್ತೆ ಸದ್ದು ಇಳಿಯಿತು. ಅಲ್ಲಿಗೆ ಕಳ್ಳ ಬರುವ ಬಾಗಿಲು ಸಿಕ್ಕಿತು. ಕಳ್ಳ ಯಾರೆಂದು ಸಿಕ್ಕಿಲ್ಲ. ಎರಡು ದಿನದಿಂದ ಅವನೂ ಸುಸ್ತಾದ ಹಾಗಿದೆ, ಸದ್ದು ಅರ್ಧ ಇಳಿದು ನಿಂತುಬಿಡುತ್ತದೆ.

ನನ್ನ ಅನುಮಾನ ಈಗ ನಿನ್ನ ಅಣ್ಣನ ಮೇಲಿದೆ. ಜೇಬಿನ ಫೋನಿನಿಂದಲೇ ಏನೇನೋ ಮಾಡುತ್ತಾನೆ, ಟಿವಿ ಇಳಿಸುವುದು ಯಾವ ಮಹಾ. ಟಿವಿ ತಾನಾಗಿ ಇಳಿಯುತ್ತದೆ ಎಂದು ಅವನಿಗೆ ಹೇಳಿದಾಗ ಅವನೂ ಸೊಸೆಯೂ ಮುಖ ಮುಖ ನೋಡಿಕೊಂಡರು. ಅಪ್ಪನಿಗೂ ತಲೆ ನೆಟ್ಟಗಿಲ್ಲ ಎಂದು ತೋರಿಸಿ ನನ್ನನ್ನೂ ಅಮ್ಮನ ಜೊತೆ ಸಾಗಿಸುವ ಯೋಚನೆ ಇರಬಹುದು. ಅಮ್ಮನ ಪಕ್ಕದ ಮಂಚವೆಂದರೆ ನನಗೆ ಬೇಡವೇನಲ್ಲ, ನಿಜ ಹೇಳುತ್ತೇನೆ. ಆದರೆ ಹುಚ್ಚನೆನಿಸಿಕೊಂಡು ಹೋಗಲಾರೆ. ಇವತ್ತು ಊಟವಾದ ಮೇಲೆ ವಾರ್ತೆ ಜೋರಾಗಿ ಹಾಕಿ, ಕುರ್ಚಿಯಲ್ಲಿ ಕೂರದೆ ಎದ್ದು, ಮನೆಯವರೆಲ್ಲರ ಕೈ ನೋಡುತ್ತಾ ಹೋಗುತ್ತೇನೆ. ನಡುದಾರಿಯಲ್ಲಿ ಬಸ್ಸು ಹತ್ತುವ ನನ್ನ ಹಳೆಯ ಉಪಾಯ.

ಹೊತ್ತು ಹೊತ್ತಿಗೆ ಊಟ ಮಾಡು, ಬಾಯಿಗೆ ಬಟ್ಟೆ ಕಟ್ಟು. ನಿನ್ನ ಸೇತುವೆ ಗಟ್ಟಿಯಾಗಿ ನಿಲ್ಲಲಿ, ನೀನೂ ನೂರು ಕಾಲ ಚೆನ್ನಾಗಿರು.

ನಿನ್ನ,
ಅಪ್ಪ

ತಾ.ಕ.: ಕಾಗದ ಇನ್ನೂ ಅಂಟಿಸಿಲ್ಲ. ಅವಸರದಲ್ಲಿ ಗೀಚುತ್ತಿದ್ದೇನೆ, ಹೇಗಾದರೂ ಓದಿಕೋ. ವಾರ್ತೆ ಹಾಕಿ ಎದ್ದೆ. ಅಣ್ಣ ಬಚ್ಚಲಲ್ಲಿದ್ದ, ಸೊಸೆ ಹೊರಗೆ ಬಟ್ಟೆ ಹರವುತ್ತಿದ್ದಳು, ಆದರೂ ಸದ್ದು ಇಳಿಯುತ್ತಿತ್ತು. ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತೆ. ನಿನ್ನ ಅಮ್ಮ ಹುಬ್ಬು ಗಂಟು ಹಾಕಿಕೊಂಡು, ಆ ಹಳೆಯ ರಿಮೋಟನ್ನು ಡಬ್ಬಿಯ ಕಡೆ ಹಿಡಿದು ಎಡಗೈ ಹೆಬ್ಬೆರಳಿಂದ ಒತ್ತುತ್ತಿದ್ದಳು. ಒತ್ತಿದಂತೆಲ್ಲ ಸದ್ದು ಒಂದೊಂದೇ ಹೆಜ್ಜೆ ಇಳಿಯುತ್ತಿತ್ತು. ಆ ಮಣಿಯ ದಾರಿಯಲ್ಲಿ ವಾಪಸ್ ಬರುತ್ತಿದ್ದದ್ದು ಅದು, ಪುಟ್ಟಿ! ನೀನೇ ಏನೇ, ಇಷ್ಟು ದಿನ ನೀನೇ ಏನೇ ಎಂದು ನಾನು ಅಳುತ್ತಾ ಬಡಬಡಿಸಿದೆ. ಅವಳು ರಿಮೋಟನ್ನು ನಿಧಾನವಾಗಿ ನನ್ನ ಕಡೆ ತಿರುಗಿಸಿ ಅದೇ ಗುಂಡಿ ಒತ್ತಿದಳು. ನಾನು ಬಾಯಿ ಮುಚ್ಚಿದೆ. ಅಣ್ಣನನ್ನು ಕರೆದು ತಂದೆ. ಅಷ್ಟರಲ್ಲಿ ಎಷ್ಟು ಒತ್ತಿದರೂ ಸದ್ದು ಇಳಿಯಲಿಲ್ಲ. "ಅಪ್ಪಾ, ಬೆರಳು ತಾನಾಗೇ ಅಲ್ಲಾಡುತ್ತೆ, ಸುಮ್ನೆ ಆಸೆ ಇಟ್ಕೋಬೇಡಿ" ಅಂದ. ಸೊಸೆ ಮಾತ್ರ, ರಿಮೋಟು ಅಮ್ಮನ ಕೈಯಲ್ಲಿದ್ದ ಹಾಗೆಯೇ ರಬ್ಬರ್ ಬ್ಯಾಂಡ್ ಸರಿಸಿ, ಹಳೆಯ ಸೆಲ್ಲು ಎರಡನ್ನೂ ತೆಗೆದು ನನ್ನ ಅಂಗೈಗೆ ಹಾಕಿ, "ಇದೇ ಅಳತೇದು ತನ್ನಿ ಮಾವ, ಬೇಗ" ಅಂದಳು. ಅಂಗಡಿಗೆ ಹೊರಟಿದ್ದೇನೆ, ಹಾಗೆಯೇ ಇದನ್ನು ಅಂಚೆಗೆ ಹಾಕುತ್ತೇನೆ. ನೀನು ಹೂಂ ಅಂದದ್ದನ್ನು ವಾಪಸ್ ತೆಗೆದುಕೊ, ನಾನು ತೆಗೆದುಕೊಂಡಾಯಿತು. ಬರುವುದು ಬಾ, ಅಮ್ಮನನ್ನು ಎಲ್ಲಿಗೂ ಕಳಿಸಲು ಬರಬೇಡ. ಅಂಗಡಿಯವನನ್ನು ನಂಬುವ ಹಾಗಿಲ್ಲ, ರಿಮೋಟು ಕೊಡು, ಅಲ್ಲೇ ಸೆಲ್ಲು ಹಾಕಿ ನೋಡಿ ತರುತ್ತೇನೆ ಎಂದು ಕೇಳಿದೆ. ಎಳೆದರೂ ನಿನ್ನ ಅಮ್ಮ ಬಿಡುತ್ತಿಲ್ಲ.